ನಮ್ಮ ಹಿತ್ತಿಲಿನ ಆಶ್ರಮಮೃಗಗಳು

ಸರಕಾರದ ಪಾಠಶಾಲೆಗಳಲ್ಲಿ ಸಂಸ್ಕೃತವನ್ನು ಬೋಧಿಸುತ್ತ ನಾವು ಮೂವತ್ತೊಂದು ಸಂವತ್ಸರಗಳಲ್ಲಿ ಒಂಬತ್ತು ಊರುಗಳ ನೀರನ್ನು ಕುಡಿದೆವು. ಆ ಒಂಬತ್ತು ಊರುಗಳಲ್ಲಿಯೂ ನಮ್ಮದು ಬಾಡಿಗೆಯ ಮನೆಯೇ. ಬಾಡಿಗೆಯ ಮನೆಯವನಿಗೆ ಅಂಗಳವುಂಟು, ಹಿತ್ತಿಲುಂಟು. ಆದರೆ ಅಲ್ಲಿ ನೆಟ್ಟ ಗಿಡವು ಹೂವು ಬಿಡುವ ವೇಳೆಗೆ ವರ್ಗದ ಆಜ್ಞೆ ಬರುವುದು. ಹೀಗೆ ಬಿಟ್ಟುಬಂದ ಗಿಡಗಳ ಲೆಕ್ಕವನ್ನು ನಾವು ಇಟ್ಟಿಲ್ಲ. ನಮ್ಮ ಮನೆಯವರು ಇಟ್ಟಿದ್ದಾರೆ.

ಬಿಡದೆ ತಂದದ್ದು ಒಂದೇ. ನಮ್ಮ ವಿವಾಹವಾದ ವರ್ಷ ಅವರ ತಾಯಿಯವರು ತಮ್ಮ ಬಾವಿಕಟ್ಟೆಯ ಬಳಿಯಿದ್ದ ಏಳುಸುತ್ತಿನ ಮಲ್ಲಿಗೆಯ ಒಂದು ಕವಲನ್ನು ಬೇರುಬರಿಸಿ, ಸೀಮೆಎಣ್ಣೆಯ ಹಳೆಯ ಡಬ್ಬದಲ್ಲಿ ನೆಟ್ಟು ಕೊಟ್ಟಿದ್ದರು. ಡಬ್ಬಗಳು ಎಷ್ಟೋ ತುಕ್ಕುಹಿಡಿದು ಒಡೆದುವು. ಗಿಡ ಮಾತ್ರ ಒಂಬತ್ತು ಊರುಗಳನ್ನು ಸುತ್ತಿತು. ಸಾಮಾನಿನ ಲಾರಿಯಲ್ಲಿ ನಮ್ಮ ಗ್ರಂಥಗಳ ಪೆಟ್ಟಿಗೆಗಳು ಹಿಂದೆ, ಮಲ್ಲಿಗೆಯ ಡಬ್ಬವು ಮುಂದೆ, ಡ್ರೈವರನ ಪಕ್ಕದಲ್ಲಿ, ನಮ್ಮ ಮನೆಯವರ ಕಾಲುಗಳ ನಡುವೆ. ಡಬ್ಬದೊಳಗಿನ ಬೇರಿಗೆ ಎಷ್ಟು ಶಕ್ತಿ ಇರಬೇಕು? ವರ್ಷಕ್ಕೆ ಒಂದು ಹಿಡಿ ಹೂವು ಬಿಡುತ್ತಿತ್ತು. ಆ ಹಿಡಿಯಲ್ಲಿ ಅರ್ಧ ದೇವರಿಗೆ, ಅರ್ಧ ಅವರ ಮುಡಿಗೆ.

೨೦೨೨ರಲ್ಲಿ ನಮಗೆ ಅರವತ್ತು ತುಂಬಿ ವಿಶ್ರಾಂತಿ ದೊರೆಯಿತು. ಕೈಗೆ ಬಂದ ಹಣದಲ್ಲಿ ತರೀಕೆರೆಯ ತಾಲ್ಲೂಕಿನಲ್ಲಿ, ಲಕ್ಕವಳ್ಳಿಯ ಕಡೆಯ ಒಂದು ಹಳ್ಳಿಯ ಕೊನೆಯಲ್ಲಿ, ಹತ್ತು ಗುಂಟೆ ನೆಲವನ್ನೂ ಅದರಲ್ಲಿದ್ದ ಹೆಂಚಿನ ಮನೆಯನ್ನೂ ಕೊಂಡೆವು. ಭದ್ರಾ ನದಿಗೆ ಅಣೆಕಟ್ಟು ಕಟ್ಟಿರುವ ಊರೇ ಲಕ್ಕವಳ್ಳಿ. ಅಲ್ಲಿಂದ ಆಚೆಗೆ ಭದ್ರಾ ಅಭಯಾರಣ್ಯ; ೧೯೯೮ರಿಂದ ಅದು ಹುಲಿಗಳ ಸಂರಕ್ಷಿತ ಪ್ರದೇಶವೂ ಆಗಿದೆ. ಸ್ನೇಹಿತರು ಹುಲಿಯ ಮಾತನ್ನೆತ್ತಿ ನಮ್ಮನ್ನು ಹೆದರಿಸಿದರು. ಹುಲಿಯಿಂದ ನಮಗೆ ಇದುವರೆಗೂ ಯಾವ ತೊಂದರೆಯೂ ಆಗಿಲ್ಲ.

ಆ ವರ್ಷದ ಮಳೆಗಾಲದಲ್ಲಿ ಮಲ್ಲಿಗೆಯು ಡಬ್ಬದಿಂದ ನೆಲಕ್ಕಿಳಿಯಿತು. ಬೇರುಗಳು ಡಬ್ಬದ ಆಕಾರದಲ್ಲಿಯೇ ಸುತ್ತಿಕೊಂಡು ಬೆಳೆದಿದ್ದುವು. ಅವನ್ನು ಮೆಲ್ಲನೆ ಬಿಡಿಸಿ, ಆಳವಾದ ಗುಳಿಯಲ್ಲಿ ಕೊಟ್ಟಿಗೆಗೊಬ್ಬರ ಹಾಕಿ ನೆಟ್ಟೆವು. ಅದರ ಜೊತೆಗೆ ದಾಸವಾಳ, ಗುಲಾಬಿ, ನಂದಿಬಟ್ಟಲು, ಅಬ್ಬಲಿಗೆ, ಸೇವಂತಿಗೆ. ನೆರೆಯ ಹೆಂಗಸರು ಕೊಟ್ಟ ಡೇರೆಯ ಗೆಡ್ಡೆಗಳು. ಮಲೆನಾಡಿನಲ್ಲಿ ಡೇರೆಯ ಗೆಡ್ಡೆಯನ್ನು ಯಾರೂ ಮಾರುವುದಿಲ್ಲ; ಕೊಡುವರು, ಪಡೆಯುವರು. ಯಾವ ಬಣ್ಣ ಯಾರ ಮನೆಯಿಂದ ಯಾವ ವರ್ಷ ಬಂದಿತೆಂಬುದು ಅವರಿಗೆ ಗೋತ್ರಪ್ರವರದಂತೆ ಬಾಯಿಪಾಠ. ನಮ್ಮ ಮನೆಯವರು ಮೊದಲ ಮಳೆಗಾಲದಲ್ಲಿಯೇ ಆ ವಂಶಾವಳಿಯೊಳಗೆ ಸೇರಿದರು. ನಿವೃತ್ತಿಯಾದದ್ದು ನಮಗೆ, ಬಾಳು ಆರಂಭವಾದಂತೆ ತೋರಿದ್ದು ಅವರಿಗೆ.

೨೦೨೩ರ ಫಾಲ್ಗುಣದಲ್ಲಿ ಒಂದು ಪ್ರಾತಃಕಾಲ ಪೂಜೆಗೆ ಹೂವು ಕೊಯ್ಯಲೆಂದು ಬುಟ್ಟಿ ಹಿಡಿದು ಹಿತ್ತಿಲಿಗೆ ಹೋದೆವು. ದಾಸವಾಳದಲ್ಲಿ ಒಂದು ಮೊಗ್ಗಿಲ್ಲ. ಗುಲಾಬಿಯ ಚಿಗುರುಗಳೆಲ್ಲ ಮುಳ್ಳಿನ ಸಮೇತ ಮಾಯವಾಗಿದ್ದುವು. ಮಲ್ಲಿಗೆಯು ಮೊಳಕಾಲೆತ್ತರಕ್ಕೆ ಮೊಂಡಾಗಿ ನಿಂತಿತ್ತು.

ಮೊದಲು ನಾವು ನೆರೆಯವರ ಹಸುವನ್ನು ಸಂಶಯಿಸಿದೆವು. ಆಮೇಲೆ ಮೊಲವನ್ನು. ನ್ಯಾಯಶಾಸ್ತ್ರದಲ್ಲಿ ಧೂಮದಿಂದ ವಹ್ನಿಯನ್ನು ಊಹಿಸುವ ಕ್ರಮವನ್ನು ಹುಡುಗರಿಗೆ ಅಷ್ಟು ವರ್ಷ ಹೇಳಿಕೊಟ್ಟ ನಮಗೆ, ಕಡಿದ ಕೊಂಬೆಯನ್ನು ನೋಡಿ ಕಡಿದವನನ್ನು ಊಹಿಸಲು ತಿಳಿಯಲಿಲ್ಲ. ಪಕ್ಕದ ಅಡಕೆತೋಟದ ಗೌಡರು ಬಂದು ಒಂದು ಕಡ್ಡಿಯನ್ನು ಬೆರಳಿನಿಂದ ಸವರಿ, “ಮೇಷ್ಟ್ರೇ, ಮೊಲ ಕಡಿದರೆ ಕತ್ತಿಯಲ್ಲಿ ಕೊಯ್ದ ಹಾಗೆ ಓರೆಯಾಗಿ ಇರ್ತದೆ. ಇದು ನಾರುನಾರಾಗಿ ಹರಿದಿದೆ ನೋಡಿ. ಜಿಂಕೆ,” ಎಂದರು. ಅವರ ಅನುಮಾನವು ಸರಿಯಾದುದು. ಜಿಂಕೆಗೆ ಮೇಲ್ದವಡೆಯ ಮುಂಭಾಗದಲ್ಲಿ ಬಾಚಿಹಲ್ಲುಗಳಿಲ್ಲ. ಗಟ್ಟಿಯಾದ ಒಸಡು ಮಾತ್ರ. ಕೆಳಗಿನ ಹಲ್ಲಿಗೂ ಆ ಒಸಡಿಗೂ ನಡುವೆ ಚಿಗುರನ್ನು ಹಿಡಿದು ಜಗ್ಗಿ ಹರಿಯುವುದರಿಂದ ತುದಿಯು ಹಾಗೆ ಚಿಂದಿಯಾಗುತ್ತದೆ. ಪಾತಿಯ ಒದ್ದೆ ಮಣ್ಣಿನಲ್ಲಿ ಎರಡು ಸೀಳಿನ ಗೊರಸುಗಳೂ, ಬೇಲಿಯ ಬಳಿ ಕಡಲೆಯ ಗಾತ್ರದ ಕಪ್ಪು ಹಿಕ್ಕೆಗಳೂ ಕಂಡುವು.

ಹುಣ್ಣಿಮೆಗೆ ಹತ್ತಿರವಾದ ಒಂದು ರಾತ್ರಿ ಎಚ್ಚರವಿದ್ದು ಕಿಟಕಿಯಿಂದ ನೋಡಿದೆವು. ಹನ್ನೊಂದು ಇದ್ದುವು. ನಾವು ಕಟ್ಟಿದ್ದ ನಾಲ್ಕಡಿಯ ಬೇಲಿಯನ್ನು ಹೊಸಿಲು ದಾಟುವಂತೆ ದಾಟಿ ಬಂದುವು. ಮೈಮೇಲಿನ ಬಿಳಿಯ ಚುಕ್ಕೆಗಳು ಆ ಬೆಳಕಿನಲ್ಲಿ ನಂದಿಬಟ್ಟಲಿನ ಹೂವುಗಳಂತೆಯೇ ಕಾಣುತ್ತಿದ್ದುವು. ಬೈಯಬೇಕೆಂದು ಎದ್ದ ನಾವು ಬಾಯಿಬಿಡದೆ ನಿಂತೆವು. “ಎಷ್ಟು ಚಂದ ಇದಾವೆ ಅಲ್ಲವೇನು?” ಎಂದರು ನಮ್ಮ ಮನೆಯವರು. ಒಂದು ಕ್ಷಣದ ಮೇಲೆ, “ಓಡಿಸಿ ಇನ್ನು,” ಎಂದರು.

ಸಂಸ್ಕೃತದಲ್ಲಿ ಈ ಚುಕ್ಕೆಯ ಜಿಂಕೆಗೆ ಪೃಷತವೆಂದು ಹೆಸರು. ಮೃಗವೆಂಬ ಶಬ್ದವು ಹುಡುಕುವುದೆಂಬ ಅರ್ಥದ ಧಾತುವಿನೊಡನೆ ಸೇರಿದ್ದು. ಹುಡುಕಿಕೊಂಡು ಬರುವುದೋ, ಬೇಟೆಗಾರನಿಂದ ಹುಡುಕಲ್ಪಡುವುದೋ, ಎರಡೂ ಸಲ್ಲುತ್ತದೆ. ದುಷ್ಯಂತನು ರಥದಲ್ಲಿ ಅಟ್ಟಿಕೊಂಡು ಬಂದದ್ದು ಇದನ್ನಲ್ಲ, ಕೃಷ್ಣಸಾರವನ್ನು. ಅದರ ಕೋಡು ಹಸುವಿನ ಕೋಡಿನಂತೆ ಜೀವಮಾನದುದ್ದಕ್ಕೂ ಒಂದೇ. ಪೃಷತದ ಕವಲುಗೊಂಬಾದರೋ ವರ್ಷಕ್ಕೊಮ್ಮೆ ಬಿದ್ದುಹೋಗಿ ಹೊಸದಾಗಿ ಬೆಳೆಯುವುದು. ಇದನ್ನು ನಾವು ತರಗತಿಯಲ್ಲಿ ಎಂದೂ ಹೇಳಿದವರಲ್ಲ. ಹೇಳಬೇಕೆಂದು ನಮಗೆ ಆಗ ತಿಳಿದೂ ಇರಲಿಲ್ಲ.

ಶಾಕುಂತಲವನ್ನು ನಾವು ಪಾಠಹೇಳಿದ್ದು ಎಷ್ಟು ಸಲವೋ! ಮೊದಲನೆಯ ಅಂಕದಲ್ಲಿಯೇ ತಪಸ್ವಿಗಳು ಕೈಯೆತ್ತಿ ಅಡ್ಡಬಂದು, ಇದು ಆಶ್ರಮದ ಜಿಂಕೆ, ಕೊಲ್ಲಬಾರದೆಂದು ರಾಜನನ್ನು ತಡೆಯುವರು. ಅನಂತರ ಶಕುಂತಲೆಯು ಗಿಡಗಳಿಗೆ ನೀರೆರೆಯುತ್ತ ಬರುವಳು. ವನಜ್ಯೋತ್ಸ್ನೆಯೆಂದು ತಾನೇ ಹೆಸರಿಟ್ಟ ಮಲ್ಲಿಗೆಯ ಬಳ್ಳಿಯನ್ನು ಪ್ರೀತಿಯಿಂದ ನೋಡುವಳು. ಅದೇ ಕೈಯಿಂದ ಅವಳು ಜಿಂಕೆಯ ಮರಿಗೆ ಹಿಡಿಹಿಡಿಯಾಗಿ ಸಾವೆಯ ಕಾಳು ತಿನ್ನಿಸಿ ಬೆಳೆಸಿದಳಷ್ಟೆ. ಮೂವತ್ತು ವರ್ಷ ಇದನ್ನೆಲ್ಲ ರಸವತ್ತಾಗಿ ವರ್ಣಿಸಿದ ನಮಗಾಗಲಿ, ಕೇಳಿದ ಹುಡುಗರಿಗಾಗಲಿ ಒಂದು ಪ್ರಶ್ನೆ ಹುಟ್ಟಲಿಲ್ಲ: ಜಿಂಕೆಗಳು ಸ್ವೇಚ್ಛೆಯಾಗಿ ತಿರುಗಾಡುವ ಆ ಆಶ್ರಮದಲ್ಲಿ ಮಲ್ಲಿಗೆಯ ಬಳ್ಳಿಯು ಉಳಿದದ್ದು ಹೇಗೆ? ಬೇಲಿಯ ಮಾತನ್ನು ಕವಿಯು ಎಲ್ಲಿಯೂ ಎತ್ತುವುದಿಲ್ಲ. ಇದನ್ನು ಮನೆಯವರಿಗೆ ಹೇಳಿದಾಗ ಅವರು, “ಅಲ್ಲಿ ಕಾಡಿನಲ್ಲಿ ಹುಲ್ಲಿತ್ತು, ಅದಕ್ಕೆ,” ಎಂದು ಸೌತೆಕಾಯಿ ಹೆಚ್ಚುತ್ತಲೇ ಉತ್ತರಿಸಿದರು. ವ್ಯಾಖ್ಯಾನಕಾರರು ಯಾರೂ ಇಷ್ಟು ಸ್ಪಷ್ಟವಾಗಿ ಹೇಳಿದುದನ್ನು ನಾವು ಓದಿಲ್ಲ.

ಹುಲ್ಲಿನ ಮಾತು ನಿಜವೇ. ಹಳ್ಳಿಯ ಅಂಚಿನ ಕಾಡೆಲ್ಲ ಈಗ ಲಂಟಾನದ ಪೊದೆ. ಇದು ನಮ್ಮ ದೇಶದ ಗಿಡವಲ್ಲ. ಹೂವಿನ ಅಂದಕ್ಕೆಂದು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದದ್ದು. ಉದ್ಯಾನದ ಅಲಂಕಾರಕ್ಕೆ ಬಂದ ಆ ಅತಿಥಿಯು ಅರಣ್ಯಗಳನ್ನು ವ್ಯಾಪಿಸಿ, ನೆಲಕ್ಕೆ ಬಿಸಿಲು ಬೀಳದಂತೆ ಮಾಡಿ, ಹುಲ್ಲನ್ನು ಅಡಗಿಸಿತು. ಅದರ ಒರಟಾದ, ಗಬ್ಬುನಾರುವ ಎಲೆಯನ್ನು ಜಿಂಕೆ ಮುಟ್ಟುವುದು ಅಪರೂಪ. ಎಲ್ಲಿ ಲಂಟಾನವಿಲ್ಲವೋ ಅಲ್ಲಿ ೧೯೮೦ರ ದಶಕದಿಂದೀಚೆಗೆ ನೆಟ್ಟ ಅಕೇಶಿಯದ ನೆಡುತೋಪು. ಅದರ ಉದುರೆಲೆಯ ಹಾಸಿನಲ್ಲಿಯೂ ಮೇವು ಕಡಮೆ. ಮಳೆಗಾಲದಲ್ಲಿ ಹೇಗೋ ನಡೆಯುವುದು. ಮಾಘ ಕಳೆದು ಕಾಡು ಒಣಗಿದಾಗ, ದಿನಕ್ಕೆ ಎರಡು ಕೊಡ ನೀರುಂಡ ನಮ್ಮ ದಾಸವಾಳವು ಆ ಪ್ರಾಣಿಗಳ ಮೂಗಿಗೆ ಎಷ್ಟು ದೂರದಿಂದ ಕರೆಯುವುದೋ! ಇನ್ನೊಂದು ಕಾರಣವನ್ನು ಗೌಡರು ಹೇಳಿದರು. ಹುಲಿ, ಸೀಳುನಾಯಿಗಳು ಮನೆಗಳ ಹತ್ತಿರಕ್ಕೆ ಬರಲು ಹಿಂಜರಿಯುವುವು. ಅದರಿಂದ ರಾತ್ರಿ ಕಳೆಯಲು ನಮ್ಮ ಹಿತ್ತಿಲೇ ಅವಕ್ಕೆ ಅಭಯಸ್ಥಾನ.

ಆ ವರ್ಷವೆಲ್ಲ ನಾವು ಮಾಡಿದ ಪ್ರಯೋಗಗಳನ್ನು ಬರೆದರೆ ಒಂದು ಪ್ರಹಸನವಾದೀತು. ಕ್ಷೌರಿಕನ ಅಂಗಡಿಯಿಂದ ಕೂದಲನ್ನು ಚೀಲದಲ್ಲಿ ತಂದು ಗಿಡಗಳ ಸುತ್ತ ಚೆಲ್ಲಿದೆವು. ನಾಲ್ಕು ದಿನ ಮನುಷ್ಯನ ವಾಸನೆಗೆ ಹೆದರಿದ ಜಿಂಕೆಗಳು ಐದನೆಯ ದಿನ ಕೂದಲನ್ನು ತುಳಿದುಕೊಂಡು ಬಂದು ಗುಲಾಬಿಯನ್ನು ತಿಂದುವು. ಕೂದಲು ಗಾಳಿಗೆ ಹಾರಿ ನಮ್ಮ ಅಡಿಗೆಮನೆಯನ್ನು ಸೇರಿತು. ಸಾಬೂನಿನ ಬಿಲ್ಲೆಗಳನ್ನು ಕಟ್ಟಿ ತೂಗುಹಾಕಿದುದಕ್ಕೆ ಫಲ ಒಂದು ವಾರ.

ಕೊಳೆತ ಮೊಟ್ಟೆಯ ನೀರಿನ ಪ್ರಯೋಗವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ವಾಸನೆಯ ಉಪಾಯಗಳಲ್ಲಿ ಫಲ ಕೊಟ್ಟದ್ದು ಅದೇ. ಸೊಪ್ಪು ತಿನ್ನುವ ಪ್ರಾಣಿಗೆ ಕೊಳೆತ ಮಾಂಸದ ಜಾತಿಯ ವಾಸನೆಯು ಬೇಟೆಯ ಮೃಗದ ಸೂಚನೆ. ಅಲ್ಲಿ ಅದು ಬಾಯಿಡಲು ಅಂಜುವುದು. ಸುರಪಾಲನ ವೃಕ್ಷಾಯುರ್ವೇದದಲ್ಲಿ ಕುಣಪಜಲವೆಂಬುದೊಂದುಂಟು. ಮಾಂಸ ಮಜ್ಜೆಗಳನ್ನು ಬೇಯಿಸಿ ಕೊಳೆಸಿ ಗಿಡಗಳಿಗೆ ಎರೆಯುವ ದ್ರವ. ಗಿಡಗಳ ಪುಷ್ಟಿಗೆಂದು ಹೇಳಿರುವ ಆ ದ್ರವದ ವಾಸನೆಯೂ ತಕ್ಕಮಟ್ಟಿಗೆ ಕಾವಲು ಕಾಯುತ್ತಿದ್ದಿರಬಹುದೆಂದು ನಮ್ಮ ಊಹೆ. ಆದರೆ ನಮ್ಮ ಮನೆಯೊಳಕ್ಕೆ ಮೊಟ್ಟೆ ಬಂದುದಿಲ್ಲ. ಆರು ಮೊಟ್ಟೆಗಳನ್ನು ಮೂರು ಮೈಲಿ ಆಚೆಯ ಅಂಗಡಿಯಲ್ಲಿ ಕೊಂಡು, ಕೊಡೆಯೊಳಗೆ ಬಚ್ಚಿಟ್ಟುಕೊಂಡು ಬಂದೆವು. ದಾರಿಯಲ್ಲಿ ಹಳೆಯ ಶಿಷ್ಯನೊಬ್ಬನು ಕಂಡು ನಮಸ್ಕರಿಸಿ, ಕೊಡೆಯನ್ನು ತಾನು ಹಿಡಿಯುವೆನೆಂದು ಹಟ ಮಾಡಿದನು. ಆ ಐದು ನಿಮಿಷಗಳಷ್ಟು ಉದ್ವೇಗವನ್ನು ನಾವು ಇಲಾಖೆಯ ಪರೀಕ್ಷಾಧಿಕಾರಿಗಳ ಮುಂದೆಯೂ ಅನುಭವಿಸಿಲ್ಲ. ಮೊಟ್ಟೆಯನ್ನು ನೀರಿನಲ್ಲಿ ಕದಡಿ, ನಾಲ್ಕು ದಿನ ಹಿತ್ತಿಲಿನ ಮೂಲೆಯಲ್ಲಿಟ್ಟು, ಸೋಸಿ ಎರಚಿದೆವು. ಮೂರು ವಾರ ಒಂದು ಎಲೆಯೂ ಹೋಗಲಿಲ್ಲ. ಆಮೇಲೆ ಮುಂಗಾರಿನ ಮೊದಲ ಅಡ್ಡಮಳೆ ಎಲ್ಲವನ್ನೂ ತೊಳೆಯಿತು. ಅದಲ್ಲದೆ ಅಂಥ ನೀರೆರಚಿದ ಹೂವನ್ನು ದೇವರಿಗೆ ಏರಿಸುವುದು ಹೇಗೆ? ಮನೆಯವರು ಏನೂ ಹೇಳದೆ ಆ ಇಪ್ಪತ್ತು ದಿನ ಬರಿಯ ತುಲಸಿಯಲ್ಲಿ ಪೂಜೆಗೆ ಅಣಿಮಾಡಿದರು.

ಈ ಕಡೆಯ ಗದ್ದೆಗಳಿಗೆ ಹಂದಿಯ ಕಾಟಕ್ಕೆಂದು ಹಳೆಯ ಸೀರೆಗಳನ್ನು ಸುತ್ತಲೂ ಕಟ್ಟುವುದುಂಟು. ನಾವೂ ಕಟ್ಟಿದೆವು. ಜಿಂಕೆಯು ಆಚೆಯ ನೆಲ ಕಾಣದಿದ್ದರೆ ನೆಗೆಯಲು ಅನುಮಾನಿಸುವುದು. ಅದರಿಂದ ಬಟ್ಟೆಯ ಗೋಡೆಗೆ ಅರ್ಥವುಂಟು. ಕೆಂಪು ಸೀರೆಯಾದರೆ ಹೆಚ್ಚು ಹೆದರುವುವೆಂದು ಊರಿನವರು ಹೇಳಿದರು. ಅದು ಸರಿಯಲ್ಲ. ಜಿಂಕೆಯ ಕಣ್ಣಿಗೆ ನಮ್ಮಂತೆ ಕೆಂಪು ಕಾಣದು; ನೀಲಿಯು ಚೆನ್ನಾಗಿ ಕಾಣುವುದು. ಹೀಗೆಂದು ನಾವು ನೀಲಿಯ ಸೀರೆಗಳನ್ನು ಕೇಳಿದಾಗ ಬಂದ ವಿಘ್ನವು ಬೇರೆ ತರದ್ದು. ಪ್ರತಿಯೊಂದು ನೀಲಿ ಸೀರೆಗೂ ಒಂದೊಂದು ಕಥೆಯಿತ್ತು: ಇದು ಇಂಥ ಊರಿನಲ್ಲಿ, ಇಂಥ ದೀಪಾವಳಿಗೆ ಕೊಂಡದ್ದು. ಕೊನೆಗೆ ಬಣ್ಣದ ವಿಚಾರ ಬಿಟ್ಟು ಸಿಕ್ಕಿದ್ದನ್ನು ಕಟ್ಟಿದೆವು. ಒಂದೂವರೆ ತಿಂಗಳು ನಡೆಯಿತು. ಗಾಳಿಯೂ ಬಿಸಿಲೂ ಅವನ್ನು ಚಿಂದಿ ಮಾಡಿದುವು.

ನಾಯಿ ಸಾಕಬಹುದಿತ್ತು. ಆದರೆ ಕಾಡಿನಂಚಿನಲ್ಲಿ ನಾಯಿಯು ಚಿರತೆಗೆ ಆಮಂತ್ರಣ. ಗೌಡರ ಮನೆಯಲ್ಲಿ ಎರಡು ಹೋಗಿದ್ದುವು.

ಇಷ್ಟರಲ್ಲಿ ಸಲಹೆ ಕೊಡುವವರು ಬೇರೆಯ ದಾರಿಯನ್ನೂ ಸೂಚಿಸಿದರು. ಒಬ್ಬರು, ಕಿಂಡಿಯಲ್ಲಿ ತಂತಿಯ ಉರುಳು ಇಟ್ಟರೆ ಒಂದು ಬಿದ್ದಮೇಲೆ ಉಳಿದುವು ಬಾರವೆಂದರು. ಇನ್ನೊಬ್ಬರು ಮನೆಯ ಕರೆಂಟನ್ನೇ ತಂತಿಬೇಲಿಗೆ ಕೊಡಲು ಹೇಳಿದರು. ವಾಚಕರು ಇದನ್ನು ಎಂದೂ ಮಾಡತಕ್ಕುದಲ್ಲ. ಅದು ಅಪರಾಧವೆಂಬುದಷ್ಟೇ ಅಲ್ಲ. ಹಾಗೆ ಮಾಡಿದ ಬೇಲಿಗಳಲ್ಲಿ ಆನೆಗಳೂ ದನಗಳೂ, ನೀರು ಕಟ್ಟಲು ಹೋದ ಮನೆಯ ಯಜಮಾನರೂ ಸತ್ತಿರುವರು. ಸೂರ್ಯಶಕ್ತಿಯ ಬೇಲಿಯೆಂದು ಮಾರುವುದು ಬೇರೆ. ಅದರಲ್ಲಿ ಕ್ಷಣಮಾತ್ರದ ಮಿಡಿತಗಳು ಬಿಟ್ಟುಬಿಟ್ಟು ಬರುವುದರಿಂದ ಹೊಡೆತ ತಗಲುವುದು, ಪ್ರಾಣ ಹೋಗದು. ಹತ್ತು ಗುಂಟೆಯ ಹೂವಿಗಾಗಿ ಅಷ್ಟು ವೆಚ್ಚ ನಮ್ಮ ಪಿಂಚಣಿಗೆ ಮೀರಿದುದು. ಉರುಳಿನ ಮಾತಿಗೆ ನಾವು ಬಹಳ ಘನವಾಗಿ, ಆಶ್ರಮಮೃಗವನ್ನು ಕೊಲ್ಲಬಾರದೆಂದು ಪಾಠ ಹೇಳಿದವರು ನಾವೆಂದು ಉತ್ತರಕೊಟ್ಟೆವು. ೧೯೭೨ರ ವನ್ಯಜೀವಿ ಸಂರಕ್ಷಣೆಯ ಕಾಯಿದೆಯನ್ನೂ ನೆನಪಿಸಿದೆವು. ಹೀಗೆ ಧರ್ಮವನ್ನು ಉಪದೇಶಿಸಿದ ಮೇಲೆ ಶಿವಮೊಗ್ಗೆಗೆ ಹೋಗಿ ನೈಲಾನಿನ ಬಲೆಯನ್ನು ಕೊಂಡುತಂದೆವು.

ಅದು ೨೦೨೩ರ ಡಿಸೆಂಬರು. ಮಲ್ಲಿಗೆಯು ಮಳೆಗಾಲದಲ್ಲಿ ಮತ್ತೆ ಚಿಗುರಿ ಎದೆಯೆತ್ತರಕ್ಕೆ ಬಂದಿತ್ತು. ಅದಕ್ಕೊಂದು ಚಪ್ಪರವನ್ನೂ ಹಾಕಿದ್ದೆವು. ಬರುವ ಚೈತ್ರದಲ್ಲಿ ಹೂವಾಗಲೇಬೇಕೆಂದು ನಮ್ಮ ಹಟ. ಹಳೆಯ ಬೇಲಿಯ ಮೇಲೆ ಗಳಗಳನ್ನು ಎತ್ತರಿಸಿ, ಏಳಡಿಯವರೆಗೆ ಆ ತೆಳುವಾದ ಬಲೆಯನ್ನು ಸಡಿಲವಾಗಿ ಇಳಿಬಿಟ್ಟೆವು. ಬಿಗಿಯಾಗಿ ಕಟ್ಟಬೇಕೆಂದು ಅಂಗಡಿಯವನು ಹೇಳಿದ್ದನು. ನಮಗೆ ಕೈಲಾಗಲಿಲ್ಲ, ಅಷ್ಟಕ್ಕೇ ಬಿಟ್ಟೆವು. ಒಂದು ತಿಂಗಳು ಒಂದು ಜಿಂಕೆಯೂ ಒಳಗೆ ಬರಲಿಲ್ಲ. ನಾವು ಗೌಡರೆದುರಿಗೆ ಜಂಬಕೊಚ್ಚಿಕೊಂಡೆವು.

ಜನವರಿಯಲ್ಲಿ, ಸಂಕ್ರಾಂತಿ ಕಳೆದ ವಾರ, ರಾತ್ರಿ ಎರಡು ಗಂಟೆಯ ಸುಮಾರಿಗೆ ಹಿತ್ತಿಲಿನಲ್ಲಿ ಏನೋ ಮುರಿಯುವ ಶಬ್ದವಾಯಿತು. ಆಮೇಲೆ ಕೇಳಿಸಿದ ಕೂಗನ್ನು ನಾವು ವರ್ಣಿಸಲಾರೆವು. ಜಿಂಕೆ ಹಾಗೆ ಕೂಗುವುದೆಂದು ನಮಗೆ ಗೊತ್ತಿರಲಿಲ್ಲ. ಬ್ಯಾಟರಿ ಹಿಡಿದು ಹೋದೆವು. ಹರೆಯದ ಗಂಡು ಜಿಂಕೆಯೊಂದು ಬಲೆಯ ಸಮೇತ ಒಳಕ್ಕೆ ಬಿದ್ದು, ಗಳಗಳನ್ನು ಎಳೆದುಕೊಂಡು, ಮಲ್ಲಿಗೆಯ ಚಪ್ಪರದ ಮೇಲೆ ಉರುಳಿತ್ತು. ಅದರ ಕೊಂಬು ಇನ್ನೂ ಬೆಳೆಯುತ್ತಿದ್ದ ಕಾಲ. ಮೇಲೆ ಮಖಮಲ್ಲಿನಂಥ ಚರ್ಮ, ಅದರೊಳಗೆಲ್ಲ ರಕ್ತನಾಳಗಳು. ಬಲೆಯ ದಾರವು ಎಡಗೊಂಬಿಗೆ ಸುತ್ತಿ ಕೊರೆದು ನೆತ್ತರು ಸುರಿಯುತ್ತಿತ್ತು. ಹತ್ತಿರ ಹೋದಷ್ಟೂ ಅದು ಒದ್ದಾಡುವುದು, ಒದ್ದಾಡಿದಷ್ಟೂ ದಾರ ಬಿಗಿಯುವುದು. ನಾವು ಇಟ್ಟ ಉರುಳಿಗೂ ಅವರು ಇಡಿರೆಂದ ಉರುಳಿಗೂ ಏನು ವ್ಯತ್ಯಾಸ?

ನಾವು ಸುಮ್ಮನೆ ನಿಂತೇ ಇದ್ದೆವು. ಮನೆಯವರು ಒಳಗೆ ಹೋದರು. ಬೆಳಕಿಗೆ ಹೆದರಿ ಹೋದರೆಂದು ಭಾವಿಸಿದೆವು. ಅವರು ಬಂದದ್ದು ತರಕಾರಿ ಹೆಚ್ಚುವ ಚಾಕುವನ್ನೂ ಒಂದು ಸೀರೆಯನ್ನೂ ಹಿಡಿದು. “ದೀಪ ಆರಿಸಿ. ಮುಖದ ಮೇಲೆ ಇದನ್ನು ಹಾಕಿ. ನಮ್ಮ ತವರಿನಲ್ಲಿ ಬೆದರಿದ ಕರುವಿಗೆ ಹೀಗೇ ಮಾಡುತ್ತಿದ್ದರು,” ಎಂದರು. ಆ ಸೀರೆ ನೀಲಿಯದು. ಬೇಲಿಗೆ ಕೊಡದೆ ಉಳಿಸಿಕೊಂಡಿದ್ದುದು. ಕಣ್ಣು ಮುಚ್ಚಿದೊಡನೆ ಪ್ರಾಣಿಯು ಒದ್ದಾಟವನ್ನು ನಿಲ್ಲಿಸಿತು. ಪಕ್ಕೆಗಳು ಮಾತ್ರ ತಿದಿಯಂತೆ ಏರಿಳಿಯುತ್ತಿದ್ದುವು. ಗೌಡರೂ ಅವರ ಆಳೂ ಓಡಿಬಂದು ಹಿಂಗಾಲುಗಳನ್ನು ಒತ್ತಿ ಹಿಡಿದರು. ನಾವು ಕತ್ತನ್ನು ಹಿಡಿದೆವು. ಮನೆಯವರು ಕತ್ತಲೆಯಲ್ಲಿ ಬೆರಳಿನಿಂದ ತಡಕಿ ತಡಕಿ ಒಂದೊಂದೇ ದಾರವನ್ನು ಕೊಯ್ದರು. ಮುಕ್ಕಾಲು ಗಂಟೆ ಹಿಡಿಯಿತು. ಕೊಂಬಿನ ಬಳಿಯ ದಾರವನ್ನು ಕೊಯ್ಯಲು ಅವರಿಗೆ ಮಲ್ಲಿಗೆಯ ಎರಡು ಕವಲುಗಳು ಅಡ್ಡವಾದುವು. ಅವನ್ನು ಮೊದಲು ಕೊಯ್ದರು. ನಾವು ಕೈಯಡ್ಡ ಹಿಡಿಯಹೋದುದು ಅವರಿಗೆ ಕತ್ತಲೆಯಲ್ಲಿ ಕಾಣಲಿಲ್ಲವೆಂದು ನಂಬಿದ್ದೇವೆ.

ಬಿಟ್ಟಕೂಡಲೆ ಅದು ಏಳಲಿಲ್ಲ. ಸೀರೆಯನ್ನು ತೆಗೆದು ನಾವೆಲ್ಲ ದೂರ ಸರಿದೆವು. ಸ್ವಲ್ಪ ಹೊತ್ತಾದಮೇಲೆ ಎದ್ದು, ತೂರಾಡಿ, ಉರುಳಿದ್ದ ಬೇಲಿಯನ್ನು ದಾಟಿ ಹೋಯಿತು.

ಬೆಳಗ್ಗೆ ಅರಣ್ಯದ ಗಾರ್ಡಿಗೆ ನಾವೇ ಹೇಳಿಕಳುಹಿಸಿದೆವು. ಆತನು ಚಿಕ್ಕ ವಯಸ್ಸಿನವನು, ಗಂಭೀರ. ಬೈಯುವನೆಂದು ಸಿದ್ಧರಾಗಿದ್ದೆವು, ಬೈಯಲಿಲ್ಲ. “ಮೊದಲೇ ನಮ್ಮನ್ನು ಕರೆಯಬೇಕಿತ್ತು ಸರ್. ಹೊಟ್ಟೆಗೆ ಒದ್ದಿದ್ದರೆ?” ಎಂದನು. ಅನಂತರ, ಹೀಗೆ ಸಿಕ್ಕಿ ಬಿಡಿಸಿಕೊಂಡ ಜಿಂಕೆಗಳು ಮೇಲೆ ಗಾಯವಿಲ್ಲದಿದ್ದರೂ ಭಯದ ಆಯಾಸದಿಂದಲೇ ಆಮೇಲೆ ಸತ್ತುಬೀಳುವುದುಂಟೆಂದು ಹೇಳಿದನು. ಇದು ಪಶುವೈದ್ಯರೂ ಒಪ್ಪುವ ಮಾತು; ಮಾಂಸಖಂಡಗಳು ಅತಿಶ್ರಮದಿಂದ ಕೆಡುವುವಂತೆ. ಅವನು ಎರಡು ದಿನ ಸುತ್ತಮುತ್ತ ಹುಡುಕಿದನು, ಸಿಗಲಿಲ್ಲ. ಸಿಗಲಿಲ್ಲವೆಂಬುದರಿಂದ ಬದುಕಿದೆಯೆಂದು ಹೇಳಲಾಗದು.

ಅದೇ ದಿನ ಸ್ನಾನಕ್ಕೆ ಹೋದ ನಮ್ಮ ಮನೆಯವರು ತೋಳಿನ ಮೇಲೆ ಮೂರು ಉಣುಗುಗಳನ್ನು ಕಂಡರು. ನಮ್ಮ ಮೈಮೇಲೆ ಎರಡು. ಮಲೆನಾಡಿನವರಿಗೆ ಇದರ ಅರ್ಥವನ್ನು ಹೇಳಬೇಕಾಗಿಲ್ಲ. ೧೯೫೭ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆಯು ಉಣುಗಿನ ಕಡಿತದಿಂದಲೇ ಬರುವುದು; ಅದರ ಋತು ಈ ಚಳಿಗಾಲದ ಕೊನೆಯಿಂದ ಬೇಸಗೆಯವರೆಗೆ. ಕಡಿದ ಮೂರರಿಂದ ಎಂಟು ದಿನಗಳೊಳಗೆ ಜ್ವರ ಕಾಣಿಸುವುದು. ಆರೋಗ್ಯಕೇಂದ್ರದಲ್ಲಿ ಹೆಸರು ಬರೆಯಿಸಿ ಬಂದೆವು. ಆ ಎಂಟು ದಿನ ನಾವು ಬೆಳಗ್ಗೆ ಸಂಜೆ ಅವರ ಹಣೆ ಮುಟ್ಟಿ ನೋಡುವುದು, ಅವರು ನಮ್ಮ ಹಣೆ ಮುಟ್ಟಿ ನೋಡುವುದು. ಅಷ್ಟು ಸಲ ಒಬ್ಬರ ಹಣೆಯನ್ನೊಬ್ಬರು ಮುಟ್ಟಿದ್ದು ನಮ್ಮ ದಾಂಪತ್ಯದಲ್ಲಿ ಅದೇ ಮೊದಲು. ಐದನೆಯ ದಿನ ಅವರಿಗೆ ಮೈ ಸ್ವಲ್ಪ ಬಿಸಿಯಾಯಿತು. ರಾತ್ರಿಯೆಲ್ಲ ನಾವು ಕುರ್ಚಿಯಲ್ಲಿಯೇ ಕುಳಿತಿದ್ದೆವು. ಮಲ್ಲಿಗೆಯಿಂದ ಹಿಡಿದು ಈ ಹತ್ತು ಗುಂಟೆಯವರೆಗೆ ಎಲ್ಲವನ್ನೂ ಶಪಿಸಿದೆವು. ಬೆಳಗಿನ ಜಾವಕ್ಕೆ ಶೀತವೆಂದು ಗೊತ್ತಾಯಿತು; ಸೀನಿದರು. ಸೀನು ಅಪಶಕುನವೆಂದು ಹೇಳುವ ಶಾಸ್ತ್ರದಲ್ಲಿ ನಮಗೆ ಅಂದಿನಿಂದ ವಿಶ್ವಾಸ ಹೋಗಿದೆ.

ಎಂಟು ದಿನ ಕಳೆದಮೇಲೆ ಗಾರ್ಡು ಇನ್ನೊಮ್ಮೆ ಬಂದನು. ಬೇಲಿಯ ಸುತ್ತ ನಡೆದು, ಹಿಂದಿನ ದಣಪೆಯಾಚೆಯ ನೇರಳೆಯ ಮರದ ಬುಡದಲ್ಲಿ ನಿಂತುಕೊಂಡನು. ಅಲ್ಲಿ ನೆಲವು ತುಳಿದು ಗಟ್ಟಿಯಾಗಿತ್ತು, ಹಿಕ್ಕೆ ರಾಶಿಯಾಗಿತ್ತು. “ಇಲ್ಲಿ ದಿನಾ ಏನು ಹಾಕ್ತೀರಿ ಸರ್?” ಎಂದನು.

ನಾವು ಹಾಕುತ್ತಿದ್ದುದು ನಿರ್ಮಾಲ್ಯವನ್ನು. ದೇವರಿಗೆ ಏರಿಸಿ ತೆಗೆದ ಹೂವನ್ನು ಯಾರೂ ತುಳಿಯಬಾರದು. ನೀರಿನಲ್ಲಿ ಬಿಡಬೇಕು, ಇಲ್ಲವೆ ಮರದ ಬುಡದಲ್ಲಿ ಇಡಬೇಕು. ಒಂಬತ್ತು ಊರುಗಳಲ್ಲಿಯೂ ನಡೆಸಿಕೊಂಡು ಬಂದ ಆಚಾರವನ್ನು ಇಲ್ಲಿಯೂ ನಡೆಸಿದ್ದೆವು. ಕೆಲವು ದಿನ ಅದರೊಡನೆ ನೈವೇದ್ಯದ ಬಾಳೆಹಣ್ಣಿನ ಸಿಪ್ಪೆಯೂ ಹೋಗುತ್ತಿತ್ತು. ಕಾಡಿನಲ್ಲಿ ಮಂಗಗಳು ಕೊಂಬೆಯಿಂದ ಬೀಳಿಸುವ ಹೂವು ಹಣ್ಣುಗಳನ್ನು ಕೆಳಗೆ ನಿಂತು ಆರಿಸಿ ತಿನ್ನುವುದು ಜಿಂಕೆಗಳ ಅಭ್ಯಾಸ. ಇಲ್ಲಿ ನಾವೇ ಆ ಮಂಗನ ಕೆಲಸವನ್ನು ಮಾಡಿದ್ದೆವು. ದಿನವೂ ದಾಸವಾಳದ ರುಚಿಯನ್ನು ಬೇಲಿಯ ಹೊರಗೆ ತೋರಿಸಿ, ಒಳಗೆ ಬಾರದಿರೆಂದರೆ?

ಗಾರ್ಡು ಹೋದಮೇಲೆ ಮನೆಯವರ ಮುಖವನ್ನು ನೋಡಲು ನಮಗೆ ಸಂಕೋಚವಾಯಿತು. ಅವರು, “ನನಗೆ ಗೊತ್ತಿತ್ತು,” ಎಂದರು. ಹಾಗಾದರೆ ಏಕೆ ಹೇಳಲಿಲ್ಲವೆಂದು ಕೇಳಿದೆವು. “ನೀವು ಬೇಕೆಂದೇ ಹಾಕುತ್ತೀರಿ ಅಂದುಕೊಂಡೆ. ಹಗಲು ಬೈದರೂ ಒಳಗೊಳಗೇ ಅವುಗಳ ಮೇಲೆ ಪ್ರೀತಿ ಇರಬೇಕು ಅಂತ. ಅದಕ್ಕೇ ಸುಮ್ಮನಿದ್ದೆ.” ಇದಕ್ಕೆ ನಾವು ಏನು ಉತ್ತರ ಕೊಡಬೇಕಾಗಿತ್ತೋ ಇಂದಿಗೂ ತೋಚಿಲ್ಲ.

ಆ ದಿನದಿಂದ ನಿರ್ಮಾಲ್ಯವು ಹಿತ್ತಿಲಿನೊಳಗೇ ಒಂದು ಗುಳಿಯಲ್ಲಿ ಮಣ್ಣಾಗುತ್ತಿದೆ. ಬಲೆಯನ್ನು ಪೂರ್ತಿಯಾಗಿ ತೆಗೆದು ಸುರುಳಿಸುತ್ತಿ ಅಟ್ಟಕ್ಕೆ ಹಾಕಿದೆವು. ಬೇಲಿಯ ವಿಷಯದಲ್ಲಿ ಈಗ ಮಾಡಿರುವುದನ್ನು, ಇದೇ ತೊಂದರೆಯುಳ್ಳ ಗೃಹಸ್ಥರ ಉಪಯೋಗಕ್ಕೆಂದು ಹೇಳುವೆವು. ಒಂಟಿ ಬೇಲಿಯಾದರೆ ಎಂಟಡಿ ಎತ್ತರ ಬೇಕು; ಅಷ್ಟು ಎತ್ತರದ್ದು ಮನೆಯನ್ನು ಸೆರೆಮನೆಯಂತೆ ಮಾಡುವುದು. ಅದರ ಬದಲು ಐದಡಿ ಎತ್ತರದ ಎರಡು ಬೇಲಿಗಳು, ನಡುವೆ ಐದಡಿ ಜಾಗ. ಜಿಂಕೆಯು ಎತ್ತರವನ್ನು ನೆಗೆಯಬಲ್ಲದು, ಅಗಲವನ್ನೂ ನೆಗೆಯಬಲ್ಲದು; ಎರಡನ್ನೂ ಒಂದೇ ನೆಗೆತದಲ್ಲಿ ಸಾಧಿಸಲಾರದು. ನಡುವಿನ ಇಕ್ಕಟ್ಟಿನಲ್ಲಿ ಇಳಿಯಲು ಅದಕ್ಕೆ ಭಯ. ಬಿದಿರಿನ ದಬ್ಬೆಗಳನ್ನು ಒತ್ತೊತ್ತಾಗಿ ಹೆಣೆದದ್ದರಿಂದ ಸಿಕ್ಕಿಬೀಳುವ ದಾರವೂ ಇಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಗೆದ್ದಲು ತಿಂದುದನ್ನು ಬದಲಾಯಿಸಬೇಕು, ಅದೊಂದು ಖರ್ಚು. ನಡುವಿನ ಐದಡಿಯಲ್ಲಿ ಮರುಗ, ದವನ, ತುಲಸಿ, ಕಾಶಿಕಣಗಿಲೆಗಳನ್ನು ನೆಟ್ಟಿದ್ದೇವೆ. ಘಾಟುವಾಸನೆಯವನ್ನೂ ಕಹಿಯವನ್ನೂ ಜಿಂಕೆ ಸಾಮಾನ್ಯವಾಗಿ ಬಯಸದು. ಕೆಲವರು ಬೇಲಿಗೆ ಕಣಗಿಲೆಯನ್ನೇ ನೆಡುವರು. ಜಿಂಕೆಯೇನೋ ಅದನ್ನು ಮುಟ್ಟದು. ಆದರೆ ಅದು ಘೋರವಿಷ, ಕತ್ತರಿಸಿ ಒಣಗಿದ ಎಲೆಯನ್ನು ಹಸಿದ ದನ ತಿಂದರೆ ಬದುಕುವುದು ಕಷ್ಟ. ದನಕರು ಇರುವ ಕಡೆ ಬೇಡ. ಡೇರೆಯು ಮೊಳೆಯುವ ಜೂನಿನಲ್ಲಿ ಮಾತ್ರ ಮೇಲೊಂದು ಬುಟ್ಟಿ ಕವುಚುತ್ತೇವೆ, ಅದು ಮೊಲಕ್ಕಾಗಿ.

ಜಿಂಕೆಗಳು ಬರುವುದು ನಿಂತಿಲ್ಲ. ಒಳಗೆ ಬಾರವು. ಹೊರಬೇಲಿಯ ಪಕ್ಕದಲ್ಲಿ ಮಲಗಿ ಮೆಲುಕುಹಾಕಿ, ಕೋಳಿ ಕೂಗುವ ಮುಂಚೆ ಹೋಗುವುವು.

ಮಲ್ಲಿಗೆಯು ಎರಡು ಕವಲು ಕಳೆದುಕೊಂಡು ಆ ಚೈತ್ರದಲ್ಲಿ ಹೂವು ಬಿಡಲಿಲ್ಲ. ಕತ್ತರಿಸಿದ ಆ ಎರಡು ತುಂಡುಗಳನ್ನು ಮನೆಯವರು ಆ ರಾತ್ರಿಯೇ ನೀರಿನಲ್ಲಿಟ್ಟಿದ್ದರಂತೆ; ನಮಗೆ ತಿಳಿದದ್ದು ಅವು ಬೇರುಬಿಟ್ಟಮೇಲೆ. ಒಂದನ್ನು ಗೌಡರ ಮನೆಗೆ ಕೊಟ್ಟರು. ಇನ್ನೊಂದು ನಮ್ಮ ಮಗಳ ಮನೆಗೆ, ಬೆಂಗಳೂರಿಗೆ, ಡಬ್ಬದಲ್ಲಿ ಹೋಯಿತು. ತಾಯಿಗಿಡವು ಅದರ ಮರುವರ್ಷ ಒಂದೇ ಸಂಜೆ ಎರಡು ಸೇರು ಹೂವು ಬಿಟ್ಟಿತು. ಅಷ್ಟು ಹೂವನ್ನು ಏನು ಮಾಡುವುದೆಂದು ತಿಳಿಯದೆ ಮನೆಯವರು ಬೀದಿಯ ಹೆಂಗಸರನ್ನೆಲ್ಲ ಕರೆದರು.

೨೦೨೪ರ ಮೇ ತಿಂಗಳಿನಲ್ಲಿ ಒಂದು ಮುಂಜಾನೆ ಬೇಲಿಯಾಚೆ ನಿಂತ ಹಿಂಡಿನಲ್ಲಿ ಒಂದು ಗಂಡಿನ ಎಡಗೊಂಬು ವಕ್ರವಾಗಿ, ಕಿವಿಯ ಮೇಲಕ್ಕೆ ಬಾಗಿ ಬೆಳೆದಿರುವುದನ್ನು ಕಂಡೆವು. ಎಳೆಯದಿರುವಾಗ ಪೆಟ್ಟುತಿಂದ ಕೊಂಬು ಆ ವರ್ಷ ಹಾಗೆಯೇ ಬೆಳೆಯುವುದೆಂದು ಗಾರ್ಡು ಹೇಳಿದ್ದನು. ನಾವು ಮನೆಯವರನ್ನು ಕೂಗಿ ಕರೆದೆವು. ಅವರು ಹಿಟ್ಟಿನ ಕೈಯಲ್ಲಿಯೇ ಓಡಿಬಂದರು. ಶ್ರಾವಣದವರೆಗೂ ಅದು ಆಗಾಗ ಕಾಣಿಸುತ್ತಿತ್ತು. ಆಮೇಲೆ ಕೊಂಬುಗಳು ಉದುರುವ ಕಾಲ ಬಂದಿತು. ಹೊಸ ಕೊಂಬು ನೆಟ್ಟಗೆ ಬೆಳೆಯುವುದರಿಂದ, ಈಗ ಬರುವ ನಾಲ್ಕೈದು ಗಂಡುಗಳಲ್ಲಿ ಅದು ಯಾವುದೆಂದು ತಿಳಿಯುವ ಉಪಾಯವಿಲ್ಲ. ನಮ್ಮ ಮನೆಯವರು ತಮಗೆ ತಿಳಿಯುವುದೆನ್ನುತ್ತಾರೆ. ತೋರಿಸೆಂದರೆ ಒಂದೊಂದು ದಿನ ಒಂದೊಂದನ್ನು ತೋರಿಸುತ್ತಾರೆ.